ಮನೆಯ ವಾಹನವೂ ಮರೆತ ಎಣ್ಣೆಯೂ

ಆಯುಧಪೂಜೆಯ ದಿನ ವಾಹನಕ್ಕೆ ನಡೆಯುವಷ್ಟು ಉಪಚಾರ ಮನೆಯ ಹಿರಿಯರಿಗೂ ನಡೆಯುವುದಿಲ್ಲವೆಂದು ನಮ್ಮ ಮಾತೃಶ್ರೀಯವರು ವಿನೋದಕ್ಕೆ ಹೇಳುವುದುಂಟು. ಬೆಳಗಿನ ಜಾವವೇ ಎದ್ದು ತೊಳೆದು, ಒರೆಸಿ, ಗಾಜಿಗೆ ಹೊಳಪು ಕೊಟ್ಟು, ಚೆಂಡುಹೂವಿನ ಮಾಲೆ ಹಾಕಿ, ಬಾಳೆಯ ಕಂದು ಕಟ್ಟಿ, ನಾಲ್ಕು ಚಕ್ರಗಳಡಿ ನಾಲ್ಕು ನಿಂಬೆಹಣ್ಣು ಇಟ್ಟು ನಡೆಸುವ ಈ ಕ್ರಮವನ್ನು ವಾಹನ ಮನೆಗೆ ಬಂದ ಮೇಲೆ ನಾವು ಒಂದು ವರ್ಷವೂ ತಪ್ಪಿಸಿದವರಲ್ಲ. ಆದರೆ ಮೊದಲ ಐದು ವರ್ಷಗಳಲ್ಲಿ ಅದರ ಮುಂಭಾಗದ ಮುಚ್ಚಳವನ್ನೆತ್ತಿ, ಒಳಗೆ ಒಂದು ಮೂಲೆಯಲ್ಲಿರುವ ಅಂಗೈಯಷ್ಟು ಅಗಲದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬ್ರೇಕಿನ ಎಣ್ಣೆ ಯಾವ ಬಣ್ಣಕ್ಕೆ ತಿರುಗಿದೆಯೆಂದು ಒಮ್ಮೆಯೂ ನೋಡಿರಲಿಲ್ಲ. ಆ ಅಲಕ್ಷ್ಯವು ೨೦೨೨ರ ಡಿಸೆಂಬರಿನಲ್ಲಿ ಆಗುಂಬೆಯ ಘಾಟಿಯಲ್ಲಿ ನಮ್ಮ ಕುಟುಂಬವನ್ನು ಎಲ್ಲಿಗೆ ತಂದು ನಿಲ್ಲಿಸಿತೆಂಬುದನ್ನು ವಾಚಕ ಬಂಧುಗಳ ಮುಂದೆ ಮುಚ್ಚುಮರೆಯಿಲ್ಲದೆ ನಿವೇದಿಸಲು ಈ ಬರಹ.

ವಾಹನವನ್ನು ಕೊಂಡದ್ದು ೨೦೧೭ರ ನವೆಂಬರಿನಲ್ಲಿ. ಮಾತೃಶ್ರೀಯವರಿಗೆ ಆಗ ಎಪ್ಪತ್ತಾರು ವರ್ಷ. ಮೊದಲಿದ್ದ ಸಣ್ಣ ಕಾರಿನ ಆಸನ ತೀರ ತಗ್ಗು. ಮಂಡಿನೋವಿನಿಂದ ಬಳಲುವ ಅವರು ಅದರೊಳಗೆ ಕೂಡುವುದೆಂದರೆ ಬಾವಿಯೊಳಗೆ ಇಳಿದಂತೆ, ಏಳುವುದೆಂದರೆ ಬಾವಿಯಿಂದ ಮೇಲೆ ಬಂದಂತೆ. ಹಳೆಯ ಕಾಲದ ಜೀಪುಗಳಾದರೋ ಅಟ್ಟ ಹತ್ತಿದ ಹಾಗೆ. ಈ ಎರಡರ ನಡುವಿನ ಎತ್ತರದ ಆಸನವುಳ್ಳದ್ದು ಬೇಕೆಂದು ಹುಡುಕಿದಾಗ ಈಗ ಊರೂರಲ್ಲಿಯೂ ಕಾಣುವ, ನಾಲ್ಕು ಮೀಟರಿನೊಳಗಿನ ಚಿಕ್ಕ ಎಸ್‌ಯುವಿಯೇ ಸರಿಯೆಂದು ಮನೆಯವರೆಲ್ಲ ಒಪ್ಪಿದೆವು. ಮಾತೃಶ್ರೀಯವರು ಅದರಲ್ಲಿ ಮೊದಲ ಸಲ ಕುಳಿತು, "ಕುರ್ಚಿ ಮ್ಯಾಲೆ ಕುಂತಂಗ ಆತು" ಎಂದರು. ಬೇರೆ ಯಾವ ಶಿಫಾರಸೂ ನಮಗೆ ಬೇಕಾಗಲಿಲ್ಲ.

ನಾಲ್ಕು ಮೀಟರಿನ ಈ ಗಡಿ ಎಲ್ಲಿಂದ ಬಂದಿತೆಂಬುದೂ ಸ್ವಾರಸ್ಯದ ಸಂಗತಿಯೇ. ೨೦೦೬ರ ಕೇಂದ್ರ ಮುಂಗಡಪತ್ರದಲ್ಲಿ, ಉದ್ದವು ನಾಲ್ಕು ಮೀಟರನ್ನು ಮೀರದ, ಎಂಜಿನ್ನಿನ ಗಾತ್ರವು ಪೆಟ್ರೋಲಾದರೆ ೧೨೦೦, ಡೀಸೆಲ್ಲಾದರೆ ೧೫೦೦ ಘನ ಸೆಂಟಿಮೀಟರನ್ನು ಮೀರದ ಕಾರುಗಳ ಮೇಲಿನ ಅಬಕಾರಿ ಸುಂಕವನ್ನು ಶೇಕಡಾ ೨೪ರಿಂದ ೧೬ಕ್ಕೆ ಇಳಿಸಲಾಯಿತು. ತಯಾರಕರೆಲ್ಲ ಆ ಅಳತೆಪಟ್ಟಿಯನ್ನು ಮುಂದಿಟ್ಟುಕೊಂಡೇ ವಾಹನಗಳನ್ನು ರೂಪಿಸತೊಡಗಿದರು. ೨೦೧೩ರಲ್ಲಿ ಇಕೋಸ್ಪೋರ್ಟ್, ೨೦೧೬ರಲ್ಲಿ ವಿಟಾರಾ ಬ್ರೆಝಾ, ೨೦೧೭ರಲ್ಲಿ ನೆಕ್ಸಾನ್ ಹೀಗೆ ಸಾಲುಸಾಲಾಗಿ ಬಂದವು. ನಮ್ಮದು ಯಾವುದೆಂದು ಹೇಳುವ ಅಗತ್ಯವಿಲ್ಲ. ಇಲ್ಲಿ ಹೇಳಲಿರುವ ತಪ್ಪು ವಾಹನದ್ದಲ್ಲ, ನಮ್ಮದು. ಆದರೆ ಒಂದನ್ನು ತಿಳಿದಿರಬೇಕು. ಇವು ನೋಟಕ್ಕೆ ಜೀಪುಗಳು, ಒಡಲಿನಲ್ಲಿ ಕಾರುಗಳು. ಪ್ರತ್ಯೇಕವಾದ ಕಬ್ಬಿಣದ ಚೌಕಟ್ಟಿನ ಮೇಲೆ ಕೂಡಿಸಿದವಲ್ಲ. ಬಹುಪಾಲು ಮುಂದಿನ ಎರಡು ಚಕ್ರಗಳಿಂದಲೇ ಎಳೆಯಲ್ಪಡುವವು. ನೆಲದಿಂದ ಇನ್ನೂರು ಮಿಲಿಮೀಟರಿನಷ್ಟು ಎತ್ತರವಿದೆಯೆಂದು ಹೊಲದ ಬದುವನ್ನು ಹತ್ತಿಸಲು ಹೋಗುವ ಉತ್ಸಾಹಿಗಳನ್ನು ನಾವು ಕಂಡಿದ್ದೇವೆ. ಆ ಉತ್ಸಾಹಿಗಳಲ್ಲಿ ನಾವೂ ಇದ್ದೆವು.

ನಾವು ತೀರ ನಿರ್ಲಕ್ಷ್ಯದವರೆಂದು ಬಂಧುಗಳು ಭಾವಿಸಬಾರದು. ವಾಹನ ಏನನ್ನಾದರೂ ಬಾಯಿಬಿಟ್ಟು ಹೇಳಿದಾಗಲೆಲ್ಲ ತಕ್ಷಣ ಓಡಿದವರೇ ನಾವು. ಮೂರನೆಯ ವರ್ಷದಲ್ಲಿ ರಸ್ತೆಯ ಉಬ್ಬು ದಾಟುವಾಗಲೆಲ್ಲ ಮುಂಭಾಗದಿಂದ "ಟಕ್ ಟಕ್" ಎಂಬ ಸದ್ದು ಕೇಳತೊಡಗಿತು. ಚಕ್ರ ಕಳಚಿ ಬೀಳುವುದೋ ಎಂದು ಹೆದರಿ ಅಂದೇ ಗ್ಯಾರೇಜಿಗೆ ಒಯ್ದೆವು. ಎರಡೂ ಚಕ್ರಗಳನ್ನು ಒಂದು ಸರಳಿನಿಂದ ಬೆಸೆದು ವಾಹನವು ತಿರುವಿನಲ್ಲಿ ಒಂದೇ ಕಡೆಗೆ ವಾಲದಂತೆ ನೋಡಿಕೊಳ್ಳುವ ಏರ್ಪಾಟೊಂದಿದೆ. ಅದರ ಕೊನೆಯ ಕೀಲು, ಸ್ಟೆಬಿಲೈಸರ್ ಲಿಂಕ್ ಎನ್ನುತ್ತಾರೆ, ಸವೆದಿತ್ತು. ನಮ್ಮ ತಾಲ್ಲೂಕಿನ ರಸ್ತೆಗಳಲ್ಲಿ ಇದು ಸವೆಯದಿದ್ದರೇ ಆಶ್ಚರ್ಯ. ಖರ್ಚು ಅಲ್ಪ, ಅರ್ಧ ತಾಸಿನ ಕೆಲಸ.

೨೦೨೦ರ ಮಾರ್ಚಿನಿಂದ ಎರಡು ತಿಂಗಳು ದೇಶಕ್ಕೆ ದೇಶವೇ ಬಾಗಿಲು ಮುಚ್ಚಿದಾಗ ವಾಹನವೂ ಅಂಗಳದಲ್ಲಿ ನಿಂತಿತು. ಬಾಗಿಲು ತೆರೆದ ದಿನ ಕೀಲಿ ತಿರುಗಿಸಿದರೆ "ಕಟಕಟ" ಎಂಬ ಕ್ಷೀಣಸ್ವರ ಮಾತ್ರ. ನಿಂತ ವಾಹನದಲ್ಲಿಯೂ ಗಡಿಯಾರ, ಕಳ್ಳರ ಗಂಟೆ, ಗಣಕದ ನೆನಪು ಇವೆಲ್ಲ ಬ್ಯಾಟರಿಯನ್ನು ಹನಿಹನಿಯಾಗಿ ಹೀರುತ್ತಿರುತ್ತವೆ. ಪೂರ್ಣ ತುಂಬಿದ ಬ್ಯಾಟರಿ ೧೨.೬ ವೋಲ್ಟಿನಷ್ಟು ತೋರಿಸಬೇಕು. ಬಹುಕಾಲ ಬರಿದಾಗಿಯೇ ಬಿದ್ದರೆ ಒಳಗಿನ ಸೀಸದ ಫಲಕಗಳ ಮೇಲೆ ಗಂಧಕದ ಲವಣ ಗಟ್ಟಿಯಾಗಿ ಕೂತು, ಮತ್ತೆ ತುಂಬಿಸಿದರೂ ಮೊದಲಿನ ಶಕ್ತಿ ಬರುವುದಿಲ್ಲ. ನಮ್ಮದು ಬದುಕಲಿಲ್ಲ, ಹೊಸದನ್ನೇ ಹಾಕಿಸಿದೆವು. ಅಲ್ಲಿಂದ ಮುಂದೆ ಎಲ್ಲಿಗೂ ಹೋಗುವ ಕೆಲಸವಿಲ್ಲದಿದ್ದರೂ ವಾರಕ್ಕೊಮ್ಮೆ ಹತ್ತು ಹದಿನೈದು ಕಿಲೋಮೀಟರ್ ಓಡಿಸುವುದು ರೂಢಿಯಾಗಿದೆ.

ಇಲಿಗಳ ವಿಷಯವನ್ನಂತೂ ಹಳ್ಳಿಯ ಕಡೆಯ ಬಂಧುಗಳಿಗೆ ವಿವರಿಸಬೇಕಿಲ್ಲ. ಗೋವಿನಜೋಳದ ರಾಶಿ ಮುಗಿದು ಹೊಲ ಬರಿದಾದ ಮೇಲೆ ಅವು ಬೆಚ್ಚನೆಯ ಆಶ್ರಯ ಹುಡುಕಿಕೊಂಡು ಊರೊಳಗೆ ಬರುತ್ತವೆ. ಆಗ ತಾನೇ ಓಡಿ ಬಂದು ನಿಂತ ಎಂಜಿನ್ನಿಗಿಂತ ಬೆಚ್ಚನೆಯ ಬಿಲ ಇನ್ನಾವುದಿದೆ? ಒಂದು ಬೆಳಿಗ್ಗೆ ಎದುರಿನ ಫಲಕದಲ್ಲಿ ನಾಲ್ಕು ದೀಪಗಳು ಒಮ್ಮೆಲೇ ಹೊತ್ತಿಕೊಂಡವು. ಮುಚ್ಚಳವೆತ್ತಿದರೆ ಶೇಂಗಾಸಿಪ್ಪೆಯ ಒಂದು ಗುಪ್ಪೆ, ಅದರ ಪಕ್ಕದಲ್ಲಿ ತುಂಡಾದ ತಂತಿ. ಹೊಗೆಸೊಪ್ಪಿನ ಗಂಟು, ನುಸಿಗುಳಿಗೆ, ಪೇಟೆಯ ಔಷಧ ಎಲ್ಲವನ್ನೂ ಪ್ರಯೋಗಿಸಿದೆವು. ವಾಹನ ನಿಲ್ಲಿಸುವ ಸ್ಥಳದಲ್ಲಿ ಕಾಳುಕಡ್ಡಿಯ ಚೀಲಗಳನ್ನಿಡದೆ, ರಾತ್ರಿ ಮುಚ್ಚಳವನ್ನು ತೆರೆದಿಟ್ಟು ಒಳಗೆ ಬೆಳಕು ಬೀಳುವಂತೆ ಮಾಡಿದ್ದೇ ಹೆಚ್ಚು ಫಲ ಕೊಟ್ಟಿತು.

ಎಂಜಿನ್ ಎಣ್ಣೆಯನ್ನು ಹತ್ತು ಸಾವಿರ ಕಿಲೋಮೀಟರಿಗೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಅದರಂತೆ ಬದಲಾಯಿಸುತ್ತಲೇ ಬಂದೆವು. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಎಣ್ಣೆಯೂ ಕೆಲವೇ ದಿನಗಳಲ್ಲಿ ಕಾಡಿಗೆಯಂತೆ ಕಪ್ಪಾಗುತ್ತದೆ. ಅದು ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಂಡು ತನ್ನ ಕೆಲಸ ಮಾಡುತ್ತಿದೆಯೆಂದೇ ಅರ್ಥ. ಕಪ್ಪು ಕಂಡು ಗಾಬರಿಯಾಗುವವರನ್ನು ಸುಲಭವಾಗಿ ಸುಲಿಯುವ ಗ್ಯಾರೇಜುಗಳೂ ಉಂಟು. ಗಾಳಿಯ ಜಾಲರಿಯ ವಿಚಾರ ಮಾತ್ರ ಕೈಪಿಡಿ ಹೇಳಿದ್ದಕ್ಕಿಂತ ಬಿಗಿಯಾಗಿರಬೇಕು. ಅಲ್ಲಿ ಬರೆದಿರುವ ಅವಧಿ ಡಾಂಬರು ರಸ್ತೆಯ ಊರುಗಳಿಗೆ. ಬೇಸಿಗೆಯಲ್ಲಿ ಎರೆಮಣ್ಣಿನ ದಾರಿಗಳಲ್ಲಿ ಲಾರಿಯ ಹಿಂದೆ ಓಡುವ ನಮ್ಮ ವಾಹನ ಉಸಿರಾಡುವುದು ಗಾಳಿಯನ್ನೋ ಮಣ್ಣನ್ನೋ ಹೇಳುವುದು ಕಷ್ಟ. ಐದು ಸಾವಿರ ಕಿಲೋಮೀಟರಿಗೊಮ್ಮೆ ಅದನ್ನು ತೆಗೆದು ಕೊಡವಿದಾಗ ಬೀಳುವ ಧೂಳನ್ನು ನೋಡಿ ನಮ್ಮ ಶ್ರೀಮತಿಯವರು "ಇದರಾಗ ಒಂದು ಬದನಿ ಸಸಿ ಹಚ್ಚಬಹುದು" ಎಂದಿದ್ದರು.

ಬೆಂಗಳೂರಿನಲ್ಲಿರುವ ನಮ್ಮ ತಮ್ಮನ ಅನುಭವ ಬೇರೆ ಬಗೆಯದು. ಅವನದು ೨೦೨೧ರಲ್ಲಿ ಕೊಂಡ ಡೀಸೆಲ್ ವಾಹನ. ೨೦೨೦ರ ಏಪ್ರಿಲ್ ಒಂದರಿಂದ ಭಾರತ್ ಹಂತ ಆರರ ಮಾನದಂಡ ಜಾರಿಗೆ ಬಂದ ಮೇಲೆ, ಇಂಥ ಡೀಸೆಲ್ ಕಾರುಗಳ ಹೊಗೆಯ ಕೊಳವೆಯಲ್ಲಿ ಮಸಿಯನ್ನು ತಡೆದಿಡುವ ಜೇನುಗೂಡಿನಂಥ ಒಂದು ಶೋಧಕ ಬರುತ್ತದೆ. ಡಿಪಿಎಫ್ ಎನ್ನುವುದು ಅದನ್ನೇ. ಅದರಲ್ಲಿ ತುಂಬಿದ ಮಸಿ ಆಗಾಗ ಸುಟ್ಟು ಬೂದಿಯಾಗಬೇಕು. ಅದಕ್ಕೆ ೬೦೦ ಡಿಗ್ರಿಯ ಆಸುಪಾಸಿನ ಶಾಖ ಬೇಕು. ಆ ಶಾಖ ಹುಟ್ಟಲು ವಾಹನ ಸ್ವಲ್ಪ ಹೊತ್ತು ತಡೆಯಿಲ್ಲದೆ ಓಡಬೇಕು. ಮನೆಯಿಂದ ಕಚೇರಿಗೆ ನಾಲ್ಕು ಕಿಲೋಮೀಟರ್, ಅದರಲ್ಲಿ ಅರ್ಧದಷ್ಟು ಹೊತ್ತು ನಿಂತೇ ಇರುವವನಿಗೆ ಆ ಯೋಗ ಎಲ್ಲಿಂದ ಬರಬೇಕು? ಸುಡಲು ಹೊರಟು ಅರ್ಧಕ್ಕೇ ನಿಂತ ಪ್ರತಿಸಲವೂ ಅದಕ್ಕಾಗಿ ಹೆಚ್ಚುವರಿ ಚಿಮ್ಮಿದ ಡೀಸೆಲ್ಲಿನ ಒಂದಂಶ ಎಂಜಿನ್ ಎಣ್ಣೆಯೊಳಗೆ ಇಳಿಯುತ್ತದೆ. ಅಳತೆಕಡ್ಡಿಯಲ್ಲಿ ಎಣ್ಣೆ ಕಡಿಮೆಯಾಗುವ ಬದಲು ಏರುತ್ತಿರುವುದನ್ನು ಕಂಡು ಅವನು ಸಂತೋಷಪಟ್ಟಿದ್ದನಂತೆ! ಈಗ ಹದಿನೈದು ದಿನಕ್ಕೊಮ್ಮೆ ತುಮಕೂರಿನ ರಸ್ತೆಯಲ್ಲಿ ಅರ್ಧ ತಾಸು ಸಮವೇಗದಲ್ಲಿ ಓಡಿಸಿ ಬರುತ್ತಾನೆ. ಪಟ್ಟಣದೊಳಗೆ ಮಾತ್ರ ತಿರುಗುವವರು ಡೀಸೆಲ್ ಕೊಳ್ಳದಿರುವುದೇ ಮೇಲೆಂಬುದು ನಮ್ಮ ಅಭಿಮತ.

ಇವೆಲ್ಲ ಸದ್ದು ಮಾಡಿದವು, ದೀಪ ತೋರಿದವು, ಮುಷ್ಕರ ಹೂಡಿದವು. ಆದ್ದರಿಂದ ನಮ್ಮ ಗಮನವನ್ನೂ ಪಡೆದವು. ಸದ್ದಿಲ್ಲದೆ ಹಳತಾಗುವವುಗಳ ಕಡೆಗೆ ನಮ್ಮ ದೃಷ್ಟಿ ಹೋಗಲೇ ಇಲ್ಲ.

೨೦೨೨ರ ಡಿಸೆಂಬರಿನಲ್ಲಿ ಉಡುಪಿಯಲ್ಲಿರುವ ನಮ್ಮ ತಂಗಿಯ ಹೊಸ ಮನೆಯನ್ನು ನೋಡಲು ಹೊರಟೆವು. ರಾಣೇಬೆನ್ನೂರಿನಿಂದ ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿಯ ಮಾರ್ಗವಾಗಿ ಆಗುಂಬೆಯನ್ನು ಮುಟ್ಟುವಾಗ ಮಧ್ಯಾಹ್ನ ಮೂರು ಗಂಟೆ. ಮುಂದೆ ನಾವು ಮತ್ತು ಶ್ರೀಮತಿ. ಹಿಂದೆ ಮಾತೃಶ್ರೀ, ಮಗಳು, ಅವಳ ಐದು ವರ್ಷದ ಕೂಸು. ಅವರ ಹಿಂದೆ ರೊಟ್ಟಿಯ ಬುಟ್ಟಿ, ಒಂದು ಚೀಲ ಜೋಳ, ತಂಗಿಗೆಂದು ಒಯ್ದ ಹಿತ್ತಾಳೆಯ ಕೊಡ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು ೬೪೦ ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಸೋಮೇಶ್ವರದ ಕಡೆಗೆ ಇಳಿಯುವ ದಾರಿಯಲ್ಲಿ ಹದಿನಾಲ್ಕು ಕೂದಲಪಿನ್ನಿನಂಥ ತಿರುವುಗಳು. ಸೂರ್ಯಾಸ್ತದ ಕಟ್ಟೆಯ ಬಳಿ ನಿಲ್ಲಿಸಿ ಕೂಸಿಗೆ ಮಂಗಗಳನ್ನು ತೋರಿಸಿ ಮುಂದೆ ಹೊರಟೆವು.

ಬಯಲುಸೀಮೆಯಲ್ಲಿ ವಾಹನ ಕಲಿತವರು ನಾವು. ಇಳಿಜಾರೆಂದರೆ ನಮಗೆ ಕೆರೆಯ ಏರಿಯಿಂದ ಇಳಿಯುವುದು. ಮೂರನೆಯ ಗೇರಿನಲ್ಲಿಯೇ, ಕಾಲನ್ನು ಬ್ರೇಕಿನ ಮೇಲೆ ಸದಾ ಇಟ್ಟುಕೊಂಡು ಇಳಿಯುತ್ತಿದ್ದೆವು. ನಾಲ್ಕೈದು ತಿರುವುಗಳಾದ ಮೇಲೆ ಸುಟ್ಟ ವಾಸನೆ ಬಂದಿತು, ಎದುರಿನ ಲಾರಿಯದಿರಬೇಕೆಂದುಕೊಂಡೆವು. ಆ ದಾರಿಯಲ್ಲಿ ಎದುರಿಗೆ ಲಾರಿಯೇ ಇರಲಿಲ್ಲವೆಂಬುದು ಆಮೇಲೆ ನೆನಪಾದದ್ದು. ಒಂಬತ್ತನೆಯ ತಿರುವು ಸಮೀಪಿಸಿದಾಗ ಬ್ರೇಕನ್ನು ಒತ್ತಿದರೆ ಪಾದದಡಿಯ ಪೆಡಲು ಹತ್ತಿಯ ಹಾಸಿಗೆಯಂತೆ ಮೆತ್ತಗೆ ನೆಲಕ್ಕಿಳಿಯಿತು. ವಾಹನ ನಿಧಾನವಾಗಲಿಲ್ಲ.

ಆ ಕ್ಷಣಗಳನ್ನು ವರ್ಣಿಸುವ ಶಕ್ತಿ ನಮಗಿಲ್ಲ. ಎರಡು ಮೂರು ಸಲ ಮೇಲಿಂದ ಮೇಲೆ ತುಳಿದಾಗ ಸ್ವಲ್ಪವೇ ಹಿಡಿತ ಸಿಕ್ಕಿತು. ಎರಡನೆಯ ಗೇರಿಗೆ ತಳ್ಳಿದೆವು. ಎಂಜಿನ್ ಗರ್ಜಿಸಿ ವಾಹನವನ್ನು ಹಿಡಿದೆಳೆಯಿತು. ಶ್ರೀಮತಿಯವರು, ನಾವು ಹೇಳುವ ಮುನ್ನವೇ, ನಡುವಿನ ಕೈಬ್ರೇಕನ್ನು ಗುಂಡಿ ಒತ್ತಿ ಹಿಡಿದು ಮೆಲ್ಲಮೆಲ್ಲನೆ ಎಳೆಯತೊಡಗಿದರು. ಒಮ್ಮೆಲೇ ಎಳೆದಿದ್ದರೆ ಹಿಂದಿನ ಚಕ್ರಗಳು ಬಿಗಿದು ವಾಹನ ತಿರುಗಿ ಅಡ್ಡಬೀಳುತ್ತಿತ್ತು. ಅವರಿಗೆ ಅದನ್ನು ಯಾರು ಕಲಿಸಿದ್ದರೋ ಇಂದಿಗೂ ಹೇಳಿಲ್ಲ. ತಿರುವನ್ನು ಹೇಗೋ ದಾಟಿ, ಮೊದಲ ಗೇರಿಗೆ ತಂದು, ಗುಡ್ಡದ ಬದಿಯ ಚರಂಡಿಗೆ ಎಡಚಕ್ರಗಳನ್ನು ಇಳಿಸಿದೆವು. ಬಂಡೆಗೆ ಒರಸಿ ವಾಹನ ನಿಂತಿತು. ಬಲಗಡೆಗೆ ಮೋಟುಗೋಡೆ, ಅದರಾಚೆ ಬರಿಯ ಮರಗಳ ತುದಿಗಳು.

ಕೂಸು "ಅಜ್ಜ, ಮತ್ತೊಮ್ಮೆ" ಎಂದಿತು. ಮಾತೃಶ್ರೀಯವರು ಏನೂ ಅನ್ನಲಿಲ್ಲ. ನೀರು ಕುಡಿದು, ಬುಟ್ಟಿ ಬಿಚ್ಚಿ ಕೂಸಿಗೆ ರೊಟ್ಟಿ ಕೊಟ್ಟು, ಸ್ವಲ್ಪ ಹೊತ್ತಿನ ಮೇಲೆ ಒಂದೇ ಮಾತು ಕೇಳಿದರು: "ತಮ್ಮಾ, ಗಾಡಿ ಹೊರಡೂ ಮುಂದ ಕಡಾಣಿ ನೋಡಿದ್ದಿಲ್ಲೇನು?"

ಕಡಾಣಿಯೆಂದರೆ ಚಕ್ಕಡಿಯ ಗಾಲಿ ಅಚ್ಚಿನಿಂದ ಕಳಚದಂತೆ ತುದಿಗೆ ಸಿಗಿಸುವ ಕೀಲು. ನಮ್ಮ ತಂದೆಯವರು ಎತ್ತು ಹೂಡುವ ಮುನ್ನ ಎರಡೂ ಕಡೆಯ ಕಡಾಣಿಯನ್ನು ಕೈಯಿಂದ ಅಲುಗಾಡಿಸಿ ನೋಡಿ, ಅಚ್ಚಿಗೆ ಕೀಲೆಣ್ಣೆ ಬಿಟ್ಟಲ್ಲದೆ ಮನೆಯವರನ್ನು ಹತ್ತಿಸುತ್ತಿರಲಿಲ್ಲ. ಮಾತೃಶ್ರೀಯವರು ಮದುವೆಯಾಗಿ ಬಂದಂದಿನಿಂದ ಅದನ್ನೇ ಕಂಡವರು. ನಾವು ಹೂವಿನ ಮಾಲೆ ಹಾಕಿದ್ದನ್ನೂ ಅವರು ಕಂಡಿದ್ದರು. ಒಳಗಿನ ಕಡಾಣಿಯನ್ನೂ ನೋಡಿಯೇ ಇರುತ್ತೇವೆಂದು ಐದು ವರ್ಷ ನಂಬಿ ಹಿಂದಿನ ಆಸನದಲ್ಲಿ ಕುಳಿತಿದ್ದರು. ಆ ಪ್ರಶ್ನೆಗೆ ನಾವು ಉತ್ತರ ಕೊಡಲಿಲ್ಲ.

ಒಂದು ತಾಸಿನ ನಂತರ ವಿಚಿತ್ರವೊಂದು ನಡೆಯಿತು. ಬ್ರೇಕನ್ನು ಒತ್ತಿ ನೋಡಿದರೆ ಪೆಡಲು ಮೊದಲಿನಂತೆಯೇ ಗಟ್ಟಿ! ಏನೂ ಆಗಿಯೇ ಇಲ್ಲವೆಂಬಂತೆ. ದಾರಿಯಲ್ಲಿ ನಿಂತು ವಿಚಾರಿಸಿದ ಒಬ್ಬ ಪುಣ್ಯಾತ್ಮರು, ಟ್ಯಾಕ್ಸಿ ನಡೆಸುವವರು, ಹೀಗೆಂದರು: "ಸರಿಯಾಯಿತೆಂದು ನಂಬಬೇಡಿ. ಮೊದಲನೇ ಗೇರಿನಲ್ಲಿ ಇಳಿಯಿರಿ, ನಾನು ಮುಂದಿರುತ್ತೇನೆ." ಅವರು ನಮ್ಮ ಮುಂದೆ ನಿಧಾನವಾಗಿ ಇಳಿಯುತ್ತ ಬಂದು, ಹೆಬ್ರಿಯಲ್ಲಿ ಒಂದು ಸಣ್ಣ ಗ್ಯಾರೇಜಿನ ಮುಂದೆ ನಮ್ಮನ್ನು ಬಿಟ್ಟು, ಚಹಾ ಕೂಡ ಕುಡಿಯದೆ ಹೊರಟುಹೋದರು.

ಹೆಬ್ರಿಯ ಮೇಸ್ತ್ರಿ ಆ ಪುಟ್ಟ ಡಬ್ಬಿಯ ಮುಚ್ಚಳ ತೆಗೆದು ನಮ್ಮನ್ನು ಹತ್ತಿರ ಕರೆದರು. ಹೊಸದಿದ್ದಾಗ ತೆಳುವಾದ ಜೇನಿನ ಬಣ್ಣದಲ್ಲಿರಬೇಕಾದದ್ದು ಮರಳಿ ಮರಳಿ ಕಾಯಿಸಿದ ಕಾಫಿಯ ಬಣ್ಣದಲ್ಲಿತ್ತು. ಪೆನ್ನಿನಂಥ ಒಂದು ಪರೀಕ್ಷಕವನ್ನು ಅದ್ದಿದಾಗ ಅದರ ಕೆಂಪು ದೀಪ ಹೊತ್ತಿತು. "ಇದರಲ್ಲಿ ನೀರು ಸೇರಿದೆ" ಎಂದರು. ನೀರು ಹಾಕಿದವರು ಯಾರೂ ಇಲ್ಲವಲ್ಲ ಎಂದು ನಾವು ವಾದಿಸಿದೆವು. ಅವರು ನಗಲಿಲ್ಲ.

ವಿಷಯವೇನೆಂದರೆ, ಬ್ರೇಕಿನ ಎಣ್ಣೆ ಎಂದು ನಾವು ಕರೆಯುವುದು ನಿಜವಾಗಿ ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ಒಂದು ದ್ರವ. ಮಳೆಗಾಲದ ಉಪ್ಪಿನಂತೆ ಅದು ಗಾಳಿಯ ತೇವವನ್ನು ತಾನಾಗಿಯೇ ಹೀರಿಕೊಳ್ಳುತ್ತದೆ. ರಬ್ಬರಿನ ಕೊಳವೆಗಳ ಮೂಲಕವೂ, ಡಬ್ಬಿಯ ಮುಚ್ಚಳದ ಸಂದಿಯಿಂದಲೂ ತೇವ ಒಳಸೇರುತ್ತಲೇ ಇರುತ್ತದೆ; ವಾಹನ ಓಡಲಿ, ನಿಂತಿರಲಿ. ಡಾಟ್ ೪ ಎಂಬ ದರ್ಜೆಯ ಹೊಸ ದ್ರವ ಕುದಿಯಬೇಕಾದರೆ ಕನಿಷ್ಠ ೨೩೦ ಡಿಗ್ರಿ ಶಾಖ ಬೇಕು. ಅದರಲ್ಲಿ ಶೇಕಡಾ ೩.೭ರಷ್ಟು ನೀರು ಸೇರಿದ ಮೇಲೆ ೧೫೫ ಡಿಗ್ರಿಗೇ ಕುದಿಯಬಹುದೆಂದು ಆ ದರ್ಜೆಯ ನಿಯಮವೇ ಹೇಳುತ್ತದೆ. ಡಾಟ್ ೩ ಆದರೆ ೨೦೫ರಿಂದ ೧೪೦ಕ್ಕೆ. ದ್ರವವನ್ನು ಅಮುಕಿದರೆ ಅದು ಕುಗ್ಗುವುದಿಲ್ಲ. ಆದ್ದರಿಂದಲೇ ನಮ್ಮ ಪಾದದ ಬಲ ಚಕ್ರಕ್ಕೆ ಮುಟ್ಟುತ್ತದೆ. ಕುದಿದು ಆವಿಯ ಗುಳ್ಳೆಗಳೆದ್ದರೆ ಪಾದದ ಬಲವೆಲ್ಲ ಆ ಗುಳ್ಳೆಗಳನ್ನು ಕುಗ್ಗಿಸುವುದಕ್ಕೇ ವ್ಯಯವಾಗುತ್ತದೆ. ತಣಿದ ಮೇಲೆ ಆವಿ ಮತ್ತೆ ದ್ರವವಾಗಿ ಪೆಡಲು ಗಟ್ಟಿಯಾಗುತ್ತದೆ. ಘಾಟಿಯಲ್ಲಿ ಬ್ರೇಕು ಹೋಗಿತ್ತು ಎಂದವರ ಮಾತನ್ನು ಊರಿನಲ್ಲಿ ಪರೀಕ್ಷಿಸಿದವರು ನಂಬದಿರುವುದು ಇದಕ್ಕೇ. ಕೈಬ್ರೇಕು ಮಾತ್ರ ದ್ರವವನ್ನು ನೆಚ್ಚಿದ್ದಲ್ಲ. ಅದು ಉಕ್ಕಿನ ಹುರಿಯಿಂದ ಹಿಂದಿನ ಚಕ್ರಗಳನ್ನು ನೇರವಾಗಿ ಹಿಡಿಯುತ್ತದೆ. ನಮ್ಮನ್ನು ಅಂದು ಉಳಿಸಿದ್ದು ಆ ಹುರಿ, ಶ್ರೀಮತಿಯವರ ಕೈ, ಕೆಳಗಿನ ಗೇರು.

ಭೌತಶಾಸ್ತ್ರವನ್ನು ಬೋಧಿಸಿ ನಿವೃತ್ತರಾದ ನಮ್ಮ ಷಡ್ಡಕರು ಈ ವೃತ್ತಾಂತ ಕೇಳಿ ಅಲ್ಲಿಯೇ ಲೆಕ್ಕ ಹಾಕಿದರು. ಜನರೂ ಸಾಮಾನೂ ಸೇರಿ ೧೬೦೦ ಕಿಲೋ ತೂಗುವ ವಾಹನ ೫೦೦ ಮೀಟರ್ ಎತ್ತರವನ್ನು ಬರೀ ಬ್ರೇಕಿನ ಮೇಲೆ ಇಳಿದರೆ, ಸುಮಾರು ಇಪ್ಪತ್ತೈದು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ ಹುಟ್ಟುತ್ತದೆ. ಒಂದು ಹಂಡೆ ನೀರಿನ ಶಾಖ ನಾಲ್ಕು ಚಕ್ರಗಳಲ್ಲಿ, ಅದರಲ್ಲಿ ಹೆಚ್ಚಿನ ಪಾಲು ಮುಂದಿನ ಎರಡರಲ್ಲಿ. ಕೆಳಗಿನ ಗೇರಿನಲ್ಲಿ ಇಳಿದಾಗ ಆ ಹೊರೆಯ ಬಹುಪಾಲನ್ನು ಎಂಜಿನ್ ಹೊರುತ್ತದೆ. ಯಾವ ಗೇರಿನಲ್ಲಿ ಘಾಟಿಯನ್ನು ಹತ್ತಬೇಕಾಗುವುದೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಲಾರಿ ಚಾಲಕರ ಹಳೆಯ ಮಾತು ನಮಗೆ ಗೊತ್ತಿರಲಿಲ್ಲವೆಂದಲ್ಲ. ಅದು ಲಾರಿಗೆ ಎಂದುಕೊಂಡಿದ್ದೆವು.

ಮೇಸ್ತ್ರಿಯವರು ಹಳೆಯ ದ್ರವವನ್ನು ನಾಲ್ಕು ಚಕ್ರಗಳಿಂದಲೂ ಹೊರತೆಗೆದು ಹೊಸದನ್ನು ತುಂಬಿದರು. ಒಂದು ಲೀಟರೂ ಹಿಡಿಯಲಿಲ್ಲ. ನಾವು ದಾರಿಯಲ್ಲಿ ಐದು ಜನ ಊಟ ಮಾಡಿದ್ದಕ್ಕಿಂತ ಕಡಿಮೆ ಖರ್ಚು.

ಮನೆಗೆ ಮರಳಿದ ಮೇಲೆ ಹಳೆಯ ಬಿಲ್ಲುಗಳನ್ನೆಲ್ಲ ಹರವಿಕೊಂಡು ಕುಳಿತೆವು. ಅದೇ ವರ್ಷದ ಆಗಸ್ಟಿನಲ್ಲಿ ದೊಡ್ಡ ಸರ್ವಿಸ್ ಮಾಡಿಸಿದ್ದೆವು. ಒಳಾಂಗಣ ಶುದ್ಧಿ, ಮೈಗೆ ಹೊಳಪು, ಎಂಜಿನ್ನಿನ ಮೇಲ್ಮೈಗೆ ಲೇಪ, ತಂಪುಯಂತ್ರಕ್ಕೆ ಸುಗಂಧ ಹೀಗೆ ಸಾವಿರಾರು ರೂಪಾಯಿಗಳ ಬಾಬುಗಳು. ಅವುಗಳ ನಡುವೆ ಒಂದು ಸಾಲು: ಬ್ರೇಕ್ ದ್ರವ, ಮಟ್ಟ ಸರಿ. ಮಟ್ಟವೇನೋ ಸರಿಯೇ ಇತ್ತು! ವಯಸ್ಸನ್ನು ಯಾರೂ ಕೇಳಿರಲಿಲ್ಲ. ಆ ಗ್ಯಾರೇಜಿನವರನ್ನು ದೂರಲು ಬಾಯಿ ತೆರೆದವರು, ಕೆಳಗೆ ನಮ್ಮದೇ ಸಹಿ ಇರುವುದನ್ನು ಕಂಡು ಸುಮ್ಮನಾದೆವು. ವಾಹನದ ಕೈಪಿಡಿ ಮುಂದಿನ ಖಾನೆಯಲ್ಲಿ, ಕೊಂಡಂದಿನ ಪ್ಲಾಸ್ಟಿಕ್ ಹೊದಿಕೆಯೂ ಹರಿಯದಂತೆ ಭದ್ರವಾಗಿತ್ತು. ಬಿಚ್ಚಿ ನೋಡಿದರೆ ಬ್ರೇಕ್ ದ್ರವವನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸತಕ್ಕದ್ದೆಂದು ಸ್ಪಷ್ಟವಾಗಿ ಮುದ್ರಿತವಾಗಿದೆ.

ಅದೇ ದಿನ ಸದ್ದಿಲ್ಲದವುಗಳನ್ನೆಲ್ಲ ಒಂದೊಂದಾಗಿ ಹುಡುಕಿದೆವು. ರೇಡಿಯೇಟರಿನ ದ್ರವದಲ್ಲಿ ಬಿಳಿಯ ಗಸಿ ತೇಲುತ್ತಿತ್ತು. ೨೦೧೯ರ ಬೇಸಿಗೆಯಲ್ಲಿ ಮಟ್ಟ ತುಸು ಇಳಿದಿತ್ತೆಂದು ಕೊಳವೆಬಾವಿಯ ನೀರನ್ನೇ ಒಂದು ಚೊಂಬು ಸುರಿದವರು ನಾವೇ. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲವೆಂದು ಗೊತ್ತಿದ್ದೂ ಎಂಜಿನ್ನಿಗೆ ಕುಡಿಸಿದ್ದೆವು. ಗ್ಲೈಕಾಲ್ ಬೆರೆತ ಸರಿಯಾದ ದ್ರವ ತುಕ್ಕನ್ನೂ ತಡೆಯುತ್ತದೆ, ಕುದಿಯುವ ಮಟ್ಟವನ್ನೂ ಏರಿಸುತ್ತದೆ. ಗಡಸುನೀರು ಒಳಗೋಡೆಗೆ ಸುಣ್ಣ ಬಳಿಯುತ್ತದೆ. ತೊಳೆಸಿ ಹೊಸದು ಹಾಕಿಸಿದೆವು. ಎಂಜಿನ್ ಬಿಸಿಯಿರುವಾಗ ಆ ಮುಚ್ಚಳವನ್ನು ಮುಟ್ಟಬಾರದೆಂದು ಮನೆಯ ಹುಡುಗರಿಗೆ ಎರಡೆರಡು ಸಲ ಹೇಳಿದ್ದೇವೆ. ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ.

ಟೈರುಗಳ ಹೂವು ಇನ್ನೂ ಆಳವಾಗಿಯೇ ಇತ್ತು. ಗೀರುಗಳ ತಳದಲ್ಲಿ ೧.೬ ಮಿಲಿಮೀಟರ್ ಎತ್ತರದ ಸಣ್ಣ ದಿಬ್ಬಗಳಿರುತ್ತವೆ. ಸವೆತ ಅಲ್ಲಿಗೆ ಮುಟ್ಟಿದರೆ ಟೈರಿನ ಆಯುಷ್ಯ ಮುಗಿದಂತೆ. ಆದರೆ ಪಕ್ಕದ ಗೋಡೆಯಲ್ಲಿ ಕೂದಲೆಳೆಯ ಬಿರುಕುಗಳು ಕಾಣುತ್ತಿದ್ದವು. ಟೈರಿನ ಹುಟ್ಟಿದ ದಿನ ಅದರ ಮೈಮೇಲೆಯೇ ನಾಲ್ಕು ಅಂಕಿಗಳಲ್ಲಿ ಬರೆದಿರುತ್ತದೆಂದು ಆವರೆಗೆ ನಮಗೆ ತಿಳಿದಿರಲಿಲ್ಲ: ಮೊದಲೆರಡು ವಾರ, ಕೊನೆಯೆರಡು ವರ್ಷ. ೩೮೧೭ ಎಂದರೆ ೨೦೧೭ರ ಮೂವತ್ತೆಂಟನೆಯ ವಾರ. ಹೆಚ್ಚು ಓಡದ ಮನೆಯ ವಾಹನದಲ್ಲಿ ಟೈರು ಸವೆದು ಸಾಯುವುದಿಲ್ಲ, ಬಿಸಿಲಿಗೆ ಒಣಗಿ ಸಾಯುತ್ತದೆ. ಗಾಳಿಯ ಒತ್ತಡವನ್ನು ಬೆಳಿಗ್ಗೆ ಹೊರಡುವ ಮುನ್ನ, ಟೈರು ತಣ್ಣಗಿರುವಾಗ, ಚಾಲಕನ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿರುವಂತೆ ನೋಡಬೇಕು. ಆರನೆಯ ಮಡಿಲಲ್ಲಿ ಮಲಗಿರುವ ಕೂಸಿನಂತೆ ಹಿಂದೆ ಅಡಗಿರುವ ಐದನೆಯ ಚಕ್ರವನ್ನೂ ಮರೆಯಬಾರದು. ನಮ್ಮ ಐದನೆಯ ಚಕ್ರದಲ್ಲಿ ಗಾಳಿಯೇ ಇರಲಿಲ್ಲ.

ಈಗ ದಿನಸಿಯ ಲೆಕ್ಕದ ಪುಸ್ತಕದ ಪಕ್ಕದಲ್ಲಿ ಕೆಂಪು ರಟ್ಟಿನ ಇನ್ನೊಂದು ಪುಸ್ತಕವಿದೆ. ಯಾವ ದ್ರವ ಯಾವ ತಾರೀಖಿಗೆ ಬದಲಾಯಿತು, ಬ್ರೇಕಿನ ಹಲಗೆ ಎಷ್ಟು ದಪ್ಪ ಉಳಿದಿದೆ, ಟೈರಿನ ಅಂಕಿ ಯಾವುದು ಇವನ್ನು ಶ್ರೀಮತಿಯವರು ಬರೆದಿಡುತ್ತಾರೆ. ಗ್ಯಾರೇಜಿಗೆ ಹೋಗುವಾಗ ಆ ಪುಸ್ತಕವನ್ನು ಒಯ್ದು, ಕೇಳುವುದನ್ನು ಕೇಳಿ, ಬೇಡದ ಸುಗಂಧ ಲೇಪಗಳನ್ನು ಬೇಡವೆಂದು ಹೇಳಿಬರುತ್ತಾರೆ. ಬ್ರೇಕ್ ದ್ರವ ೨೦೨೪ರ ಡಿಸೆಂಬರಿನಲ್ಲಿ ಎರಡನೆಯ ಸಲ ಬದಲಾಯಿತು. ಆಯುಧಪೂಜೆಯ ಹಿಂದಿನ ದಿನ ಮುಚ್ಚಳವೆತ್ತಿ ಎಲ್ಲವನ್ನೂ ನೋಡುವುದು ಕ್ರಮವಾಗಿದೆ; ಮಾಲೆ, ನಿಂಬೆಹಣ್ಣು ಮರುದಿನ.

೨೦೨೫ರ ಮೇ ತಿಂಗಳಲ್ಲಿ ಮತ್ತೆ ಉಡುಪಿಗೆ ಹೋದೆವು. ಬೇರೆ ದಾರಿಯಿಂದ ಹೋಗೋಣವೆಂದು ನಾವೇ ಹಿಂಜರಿದಾಗ ಮಾತೃಶ್ರೀಯವರು ಆಗುಂಬೆಯೇ ಇರಲಿ ಎಂದರು. ಘಾಟಿ ಇಳಿಯತೊಡಗಿದ ಮೇಲೆ ಅವರು ಕಿಟಕಿಯ ಕಡೆ ಮುಖಮಾಡಿ ಬೆರಳು ಮಡಿಚುತ್ತಿದ್ದುದು ಕನ್ನಡಿಯಲ್ಲಿ ಕಾಣಿಸುತ್ತಿತ್ತು. ಒಂಬತ್ತನೆಯ ತಿರುವು ಬಂದಾಗ ಬೆರಳು ನಿಂತಿತು.

"ತಮ್ಮಾ, ಯಾವ ಗೇರಿನ್ಯಾಗ ಅದಿ?"

"ಎರಡನೇದ್ರಾಗ, ಅವ್ವಾ."

"ಹೂಂ" ಎಂದು ಅವರು ಹತ್ತನೆಯ ಬೆರಳನ್ನು ಮಡಿಚಿದರು.